14 ದಿನ ಕ್ವಾರಂಟೈನ್, ಕೆಳಗಡೆ ಬರೀ ಕೊಂಬಿನಿ. ವೆಜಿಟೇರಿಯನ್ ಏನ್ ತಿನ್ಬೋದು? (ಟೋಕಿಯೋ)

ಹಾಸನದ_ಹುಡುಗಿ (ಡಿಸೆಂಬರ್ 2020, ನನ್ನ 4ನೇ ದಿನ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಂದ ದೆಹಲಿ, ಅಲ್ಲಿಂದ ಸ್ಪೆಷಲ್ ಫ್ಲೈಟಲ್ಲಿ ಟೋಕಿಯೋ. ಬಂದು ಇವತ್ತಿಗೆ ನಾಲ್ಕು ದಿನ. ಏರ್‌ಪೋರ್ಟಲ್ಲಿ ಕೊರೊನಾ ಎಂಜಲು ಟೆಸ್ಟ್ ನೆಗೆಟಿವ್ ಬಂತು, ಟ್ರೇನು ಬಸ್ಸು ಹತ್ತೋ ಹಾಗಿಲ್ಲ ಅಂತ ಕಂಪನಿಯವ್ರು ಕಾರು ಕಳಿಸಿ ಒಂದು ಬಿಸಿನೆಸ್ ಹೋಟೆಲಲ್ಲಿ ಇಳಿಸಿ ಹೋದ್ರು. 14 ದಿನ ಇಲ್ಲೇ ಇರ್ಬೇಕು. ಮಂಚದ ಪಕ್ಕ ಸೂಟ್‌ಕೇಸ್ ಬಿಚ್ಚಿಟ್ರೆ ಕಾಲಿಡೋಕೆ ಜಾಗ ಇಲ್ಲ, ಅಷ್ಟು ರೂಮು. ಒಂದು ಕೆಟಲ್ ಇದೆ, ಒಂದು ಪುಟ್ಟ ಫ್ರಿಜ್ ಇದೆ. ಮೈಕ್ರೋವೇವ್ ಲಾಬಿಯಲ್ಲಿ ಇದ್ಯಂತೆ, ಕ್ವಾರಂಟೈನ್ ಅವ್ರು ಮುಟ್ಟೋ ಹಾಗಿಲ್ಲ.

ಇದೇ ಬಿಲ್ಡಿಂಗ್ ಕೆಳಗೆ ಒಂದು ಕೊಂಬಿನಿ, ಅಂದ್ರೆ 24 ಗಂಟೆ ತೆಗೆದಿರೋ ದಿನಬಳಕೆ ಅಂಗಡಿ ಇದೆ. ಜನ ಇಲ್ಲದ ಹೊತ್ತು ನೋಡ್ಕೊಂಡು ಮಾಸ್ಕ್ ಹಾಕಿ ಹೋಗಿ ಬೇಗ ತಗೊಂಡು ಬಂದ್ಬಿಡಿ ಅಂತ ಕಂಪನಿಯವ್ರು ಹೇಳಿದ್ದಾರೆ, ಅದಕ್ಕೆ ರಾತ್ರಿ 11ರ ಮೇಲೆ ಇಳೀತೀನಿ. ಅಂಗಡಿ ತುಂಬಾ ಊಟ ಇದೆ, ಆದ್ರೆ ನಾನು ವೆಜಿಟೇರಿಯನ್. ಕೇಕಲ್ಲಿ ಮೊಟ್ಟೆ ಇದ್ರೆ ಪರ್ವಾಗಿಲ್ಲ, ಆಮ್ಲೆಟ್ ಆಗಲ್ಲ, ಮೀನು ಮಾಂಸ ಅಂತೂ ಇಲ್ವೇ ಇಲ್ಲ. ನಾಲ್ಕು ದಿನದಿಂದ ಬಾಳೆಹಣ್ಣು, ಬ್ರೆಡ್ಡು, ಹಾಲು, ಚಿಪ್ಸ್, ಮತ್ತೆ ಬಾಳೆಹಣ್ಣು. ನಿನ್ನೆ ಬರೀ ತರಕಾರಿ ಚಿತ್ರ ಇದ್ದ ಕಪ್ ಸೂಪ್ ತಂದು ಬಿಸಿನೀರು ಹಾಕಿ ಎರಡು ಗುಟುಕು ಕುಡಿದ್ಮೇಲೆ ಫೋನ್ ಕ್ಯಾಮೆರಾ ಹಿಡಿದು ನೋಡ್ತೀನಿ, ಕೋಳಿ ಸತ್ವ ಅಂತ ಬಂತು. ಅಷ್ಟೊತ್ತಿಗೆ ಸರಿಯಾಗಿ ಅಮ್ಮ ವಿಡಿಯೊ ಕಾಲ್ ಮಾಡಿ "ಊಟ ಆಯ್ತಾ ಪುಟ್ಟಿ" ಅಂದ್ರು. ಆಯ್ತಮ್ಮ ಅಂದೆ. ಕಾಲ್ ಇಟ್ಮೇಲೆ ಅಳು ತಡ್ಕೊಳೋಕೆ ಆಗ್ಲಿಲ್ಲ.

ಇನ್ನೂ ಹತ್ತು ದಿನ ಇದೆ. ಜಪಾನಲ್ಲಿರೋ ನಮ್ಮವ್ರು ಯಾರಾದ್ರೂ ಅಂಗಡಿ ಒಳಗೆ ನಿಂತ್ಕೊಂಡು ಏನು ನೋಡ್ಬೇಕು, ಏನು ಕೇಳ್ಬೇಕು ಅಂತ ಹೇಳಿಕೊಡ್ತೀರಾ? ಬ್ಯಾಗಲ್ಲಿ ಚಟ್ನಿಪುಡಿ ಒಂದು ಡಬ್ಬ, ಗೊಜ್ಜವಲಕ್ಕಿ ಅರ್ಧ ಕೆಜಿ ಇದೆ, ಅಷ್ಟೇ.


ನಿಶಿಕಸಾಯಿ_ನಿವಾಸಿ

ಮೊದ್ಲು ಶಿಯೊ ಮುಸುಬಿ ಹುಡುಕಿ. ಬರೀ ಅನ್ನ, ಉಪ್ಪು. ಓನಿಗಿರಿ ಅನ್ನೋ ತ್ರಿಕೋನದ ಅನ್ನದುಂಡೆಗಳ ಸಾಲಲ್ಲಿ ಎಲ್ಲಕ್ಕಿಂತ ಸಪ್ಪೆಯಾಗಿ ಕಾಣೋದು, ಎಲ್ಲಕ್ಕಿಂತ ಕಮ್ಮಿ ರೇಟು ಇರೋದು ಅದೇ, 100 ಯೆನ್ ಆಸುಪಾಸು. ಹಿಂದೆ ಪದಾರ್ಥಪಟ್ಟಿ ಒಂದು ಸಾಲಲ್ಲಿ ಮುಗಿಯುತ್ತೆ. ನಾನು 2016ರಲ್ಲಿ ಬಂದಾಗ ಮೊದಲ ತಿಂಗಳು ಅದ್ರಲ್ಲೇ ಬದುಕಿದ್ದು.

ಆಮೇಲೆ ಉಮೆ, ಅಂದ್ರೆ ಉಪ್ಪಲ್ಲಿ ಹಾಕಿದ ಹುಳಿ ಹಣ್ಣು ಒಳಗಿರೋದು. ಏರ್‌ಪೋರ್ಟಲ್ಲಿ ಎಂಜಲು ಕೊಡೋ ಗೂಡಿನ ಗೋಡೆ ಮೇಲೆ ನಿಂಬೆಹಣ್ಣಿನ ಜೊತೆ ಕೆಂಪು ಹಣ್ಣಿನ ಫೋಟೊ ಅಂಟಿಸಿದ್ರಲ್ಲ ಬಾಯಲ್ಲಿ ನೀರೂರ್ಲಿ ಅಂತ, ಅದೇ ಉಮೆಬೋಶಿ.


ಹಾಸನದ_ಹುಡುಗಿ

ಅಯ್ಯೋ ಅದಾ! ಅದನ್ನ ಟೊಮ್ಯಾಟೊ ಅಂದ್ಕೊಂಡಿದ್ದೆ. ನಿಂಬೆಹಣ್ಣು ನೋಡಿದ್ಮೇಲೇ ನಂಗೆ ಎಂಜಲು ಬಂದಿದ್ದು.


ಕುಡ್ಲ_ಬಾಯ್

ಮಾರಾಯ್ರೆ ನೀವು ಸ್ವರ್ಗದ ಬಾಗಿಲಲ್ಲಿ ನಿಂತು ಬಾಳೆಹಣ್ಣು ತಿಂತಾ ಇದ್ದೀರಿ. ಅಲ್ಲಿ ಸುಟ್ಟ ಬಂಗುಡೆ ಪ್ಯಾಕೆಟಲ್ಲಿ ಉಂಟು, ಸಾಬಾ ಅಂತ ಹೇಳಿ, ಉಪ್ಪು ಹಾಕಿ ಸುಟ್ಟದ್ದು. ನಾನು ಕ್ವಾರಂಟೈನಲ್ಲಿ 14 ದಿನವೂ ಅದೇ ತಿಂದದ್ದು, ಜೊತೆಗೆ ಬಿಸಿ ಅನ್ನ. ಊರಿನ ನೆನಪು ಸಹ ಬರಲಿಲ್ಲ ನನಗೆ.


ಮೈಸೂರ್_ಮಲ್ಲಿಗೆಗಿಡ

@ಕುಡ್ಲ_ಬಾಯ್ ಅವ್ರು ಕೇಳಿದ್ದು ವೆಜ್ ಬಗ್ಗೆ ಸಾರ್.


ಕುಡ್ಲ_ಬಾಯ್

ಗೊತ್ತುಂಟು. ಮುಂದೆ ಇದನ್ನು ಓದುವವರಲ್ಲಿ ಮೀನು ತಿನ್ನುವವರೂ ಇರ್ತಾರಲ್ಲ, ಅವರಿಗೆ ಹೇಳಿದ್ದು.


ಸೆಂದಾಯ್_ಸಂಶೋಧಕ

ಲೇಬಲ್ ಓದೋದನ್ನ ಕಲಿತುಬಿಡಿ, ಅರ್ಧ ಸಮಸ್ಯೆ ಹೋಗುತ್ತೆ. ಫೋನ್ ಟ್ರಾನ್ಸ್‌ಲೇಟ್ ಒಂದೊಂದ್ಸಲ ತಪ್ಪು ಹೇಳುತ್ತೆ, ಹೊಳೆಯೋ ಪ್ಲಾಸ್ಟಿಕ್ ಮೇಲೆ ಅಂತೂ ಪೂರ್ತಿ ಕೈಕೊಡುತ್ತೆ.

ಮಾಂಸ ಅಂದ್ರೆ ನಿಕು. ಒಂದು ಬಾಗಿಲ ಚೌಕಟ್ಟಿನೊಳಗೆ ಇಬ್ಬರು ಕಾಲಗಲಿಸಿ ಒಬ್ಬರ ಮೇಲೊಬ್ಬರು ನಿಂತ ಹಾಗೆ ಕಾಣೋ ಅಕ್ಷರ. ಒಂದ್ಸಲ ಕಣ್ಣಿಗೆ ಬಿದ್ರೆ ಮರೆಯಲ್ಲ. ಮೀನಿನ ಅಕ್ಷರಕ್ಕೂ ಕೋಳಿಯ ಅಕ್ಷರಕ್ಕೂ ಕೆಳಗಡೆ ನಾಲ್ಕು ಚುಕ್ಕಿ ಸಾಲಾಗಿ ಇರುತ್ತೆ, ನಾಲ್ಕು ಚುಕ್ಕಿ ಕಂಡ್ರೆ ವಾಪಸ್ ಇಟ್ಬಿಡಿ. ಮೂರನೇದು "ಎಕಿಸು", ಅಂದ್ರೆ ಸತ್ವ. ಸೂಪು, ಚಿಪ್ಸು, ಸಾಸು ಎಲ್ಲದ್ರಲ್ಲೂ ಕೋಳಿ ಎಕಿಸು ಹಂದಿ ಎಕಿಸು ಇದ್ದೇ ಇರುತ್ತೆ. ನಿಮ್ಮ ತರಕಾರಿ ಸೂಪಲ್ಲಿ ಇದ್ದಿದ್ದೂ ಅದೇ.


ಕ್ಯೋಟೋದಲ್ಲಿ_ಕನ್ನಡ

ನಾಲ್ಕು ಚುಕ್ಕಿ ಸೂತ್ರ ಪೂರ್ತಿ ಸರಿ ಅಲ್ಲ. "ಕಪ್ಪು" ಅನ್ನೋ ಅಕ್ಷರಕ್ಕೂ ನಾಲ್ಕು ಚುಕ್ಕಿ ಇದೆ. ಕಪ್ಪು ಎಳ್ಳು, ಕರಿಮೆಣಸು, ಕಪ್ಪು ಸಕ್ಕರೆ ಎಲ್ಲ ವಾಪಸ್ ಇಟ್ಟು ಹಸ್ಕೊಂಡು ಇರ್ಬೇಕಾಗುತ್ತೆ ಆಮೇಲೆ. "ಇಲ್ಲ" ಅನ್ನೋ ಅಕ್ಷರಕ್ಕೂ ಅದೇ ಚುಕ್ಕಿ, ಸಕ್ಕರೆ ಹಾಕದ ಮೊಸರಿನ ಡಬ್ಬದ ಮೇಲೆ ಇರೋದು ಅದು.

ಎಕಿಸು ಅಂದ ತಕ್ಷಣ ಬಿಡಬೇಕಾಗಿಲ್ಲ, ಕೋಬೊ ಎಕಿಸು ಅಂದ್ರೆ ಯೀಸ್ಟು, ಅದು ವೆಜ್ಜೇ. ಇನ್ನೊಂದು ಮುಖ್ಯವಾದ್ದು, ಪದಾರ್ಥಪಟ್ಟಿಯ ಕೊನೆಗೆ ಅಲರ್ಜಿ ಪದಾರ್ಥ ಬರೀತಾರೆ. 2020ರ ಈ ಹೊತ್ತಿಗೆ 7 ಕಡ್ಡಾಯ, ಇನ್ನು 21 ಬರೆದ್ರೆ ಒಳ್ಳೇದು ಅಂತ. ಹಂದಿ, ದನ, ಕೋಳಿ, ಜೆಲಟಿನ್ ಎಲ್ಲ ಆ 21ರಲ್ಲಿ ಬರುತ್ತೆ. ಆದ್ರೆ ಕಾತ್ಸುಒ ಮೀನು ಬರಲ್ಲ! ಜಪಾನಿನ ಸಾರು, ಸಾಸು, ಉಪ್ಪಿನಕಾಯಿ ಎಲ್ಲದಕ್ಕೂ ಬೀಳೋದು ಇದೇ ಒಣಗಿಸಿ ತುರಿದ ಕಾತ್ಸುಒ. ಕೊನೆ ಸಾಲು ನೋಡಿ ಮೀನಿಲ್ಲ ಅಂದ್ಕೊಂಡು ನಾನು ಎರಡು ವರ್ಷ ಕೊಂಬು ಓನಿಗಿರಿ ತಿಂದಿದ್ದೀನಿ. ಸಮುದ್ರದ ಸೊಪ್ಪು ತಾನೇ ಅಂತ. ಅದಕ್ಕೆ ಕಾತ್ಸುಒ ಸತ್ವ ಹಾಕಿರ್ತಾರೆ ಸುಮಾರು ಕಡೆ. ಉಮೆಗೂ ಒಂದೊಂದ್ಸಲ ಹಾಕ್ತಾರೆ, ಪೂರ್ತಿ ಪಟ್ಟಿ ಓದಿ.


ಸೆಂದಾಯ್_ಸಂಶೋಧಕ

ಹೌದು, ಕಪ್ಪು ನೆನಪಾಗ್ಲಿಲ್ಲ. ತಿದ್ದಿದ್ದಕ್ಕೆ ಥ್ಯಾಂಕ್ಸ್. ನಿಕು ಅಕ್ಷರದ ಬಗ್ಗೆ ಹೇಳಿದ್ದು ಮಾತ್ರ ಸರಿ ಇದೆ.


ರಾಜಾಜಿನಗರ_ರಾಯರು

ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. 14 ದಿನದ ವಿಷಯ. ದಾಶಿ ಅಂದ್ರೆ ಮೀನಿನ ವಾಸನೆ ಇರೋ ನೀರು, ಅಷ್ಟೇ. ದೇಶ ಬಿಟ್ಟು ಹೋದ್ಮೇಲೆ ಇಷ್ಟು ನೋಡ್ತಾ ಕೂರಬಾರದು. ಇಲ್ಲಿ ಈ ವರ್ಷ ಜನ ಊರಿಗೆ ನಡ್ಕೊಂಡು ಹೋದ್ರು, ಕೆಲಸ ಕಳ್ಕೊಂಡ್ರು, ಆಸ್ಪತ್ರೆ ಬೆಡ್ ಸಿಗ್ದೆ ಒದ್ದಾಡಿದ್ರು. ನಿಮಗೆ ಎಸಿ ರೂಮು, ಕೆಳಗೆ 24 ಗಂಟೆ ಅಂಗಡಿ. ತಿಂದು ಆರೋಗ್ಯ ನೋಡ್ಕೊಳಿ.


ಮೈಸೂರ್_ಮಲ್ಲಿಗೆಗಿಡ

ರಾಯರೇ, ಬೇರೆಯವ್ರ ಕಷ್ಟ ದೊಡ್ಡದು ಅಂದ್ರೆ ಇವ್ರಿಗೆ ಹಸಿವಾಗಲ್ವಾ? ಅವ್ರು ಸರ್ಕಾರವನ್ನ ಬೈದಿಲ್ಲ, ಜಪಾನನ್ನ ಬೈದಿಲ್ಲ, ಏನ್ ತಿನ್ಬೋದು ಅಂತ ಕೇಳಿದ್ದಾರೆ ಅಷ್ಟೇ.


ಕುಡ್ಲ_ಬಾಯ್

ಇದಕ್ಕೆ ನಾನು ಮಲ್ಲಿಗೆಗಿಡದ ಪರ. ನಾನು ಮೀನು ಇಲ್ಲದೆ ಎರಡು ದಿನ ಇರಲಿಕ್ಕಿಲ್ಲ, ಅವರು ಮೀನು ಮುಟ್ಟಲಿಕ್ಕಿಲ್ಲ. ಒಬ್ಬೊಬ್ಬರ ನಾಲಿಗೆ ಒಂದೊಂದು ಮನೆಯಲ್ಲಿ ಬೆಳೆದದ್ದು.


ಹಾಸನದ_ಹುಡುಗಿ

ರಾಯರೇ, ನೀವು ಹೇಳಿದ್ದು ನಂಗೂ ಮನಸ್ಸಲ್ಲಿ ಕೊರೀತಾನೇ ಇದೆ. ನಮ್ಮ ಚಿಕ್ಕಪ್ಪ ಏಪ್ರಿಲಿಂದ ಕೆಲಸ ಇಲ್ದೆ ಮನೇಲಿದ್ದಾರೆ. ಆದ್ರೆ ಮೀನು ತಿನ್ನು ಅಂದ್ರೆ ಗಂಟಲಲ್ಲಿ ಇಳಿಯಲ್ಲ, ಅದು ಹಟ ಅಲ್ಲ. ಇರ್ಲಿ ಬಿಡಿ. ನಿನ್ನೆ ರಾತ್ರಿ ಶಿಯೊ ಮುಸುಬಿ ಸಿಕ್ತು! ಎರಡು ತಂದೆ. ಚಟ್ನಿಪುಡಿ ಹಚ್ಕೊಂಡು ತಿಂದೆ. ಐದು ದಿನ ಆದ್ಮೇಲೆ ಅನ್ನ. ತಣ್ಣಗಿತ್ತು, ಆದ್ರೂ ಅನ್ನ.


ಧಾರವಾಡದ_ಪೋರ (ನಾಗೋಯಾ)

ಅಕ್ಕಾರ, ತಣ್ಣಂದು ಯಾಕ ತಿಂತೀರಿ, ಬಿಸಿ ಮಾಡಿ ಕೊಡ್ತಾರಲ್ರೀ. ಕೌಂಟರ್ನ್ಯಾಗ "ಅತಾತಮೆಮಾಸ್ಕಾ" ಅಂತ ಕೇಳ್ತಾರ ನೋಡ್ರಿ, ಬಿಸಿ ಮಾಡ್ಲೇನು ಅಂತ ಅರ್ಥ. ಹಾಯ್ ಅನ್ನೂದು. ಮುಗೀತು. ಅವರ ಓವನ್ನು 1500 ವ್ಯಾಟ್ ಇರ್ತೈತಿ, ಅರ್ಧ ನಿಮಿಷದಾಗ ಹೊಗಿ ಬರ್ತೈತಿ. ಮುಂದ "ಫುಕುರೊ" ಅಂತಾರ, ಚೀಲ ಬೇಕೇನು ಅಂತ. ಜುಲೈ ಒಂದರಿಂದ ಚೀಲಕ್ಕ ರೊಕ್ಕ ಇಸ್ಕೊಳ್ಳಾಕತ್ತಾರ, 3 ಯೆನ್, 5 ಯೆನ್. ಮನಿಯಿಂದ ಚೀಲ ಒಯ್ದಿದ್ರ "ದಾಯ್‌ಜೋಬು" ಅನ್ರಿ, ಬ್ಯಾಡ ಅಂದಂಗ. "ಓಹಾಶಿ" ಅಂದ್ರ ಊಟ ಮಾಡೂ ಕಡ್ಡಿ.

ನಾ ಬರೂ ಮುಂದ ಅವ್ವ ನಲ್ವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿದ್ಲು. ಒಂದು ರೊಟ್ಟಿ ಸೈತ ಮುರೀಲಿಲ್ಲ. ಕೊಂಬಿನಿ ಮಸರು, ಹಿಂಡಿ, ರೊಟ್ಟಿ, ಅದರ ಮ್ಯಾಲ 14 ದಿನ ತಗದೆ. ಮುಂದ ಬರಾವ್ರು ರೊಟ್ಟಿ ಕಟ್ಕೊಂಡು ಬರ್ರಿ. ಕಾಯಿಪಲ್ಯ, ಹಣ್ಣು, ಹಸಿ ಕರಿಬೇವು ತರಬ್ಯಾಡ್ರಿ, ಸರ್ಟಿಫಿಕೇಟ್ ಇಲ್ಲಂದ್ರ ಏರ್‌ಪೋರ್ಟ್ನ್ಯಾಗ ಇಸ್ಕೊಂಡು ಬಿಡ್ತಾರ.


ಒಸಾಕಾ_ಅಮ್ಮ

ಪುಟ್ಟಿ, ಈಗಷ್ಟೇ ಇದನ್ನೆಲ್ಲ ಓದಿದೆ. ಅಳ್ಬೇಡ. ಮೊಸರನ್ನ ಮಾಡ್ಕೊಳೋದು ಹೇಳ್ತೀನಿ ಕೇಳು.

ಅಲ್ಲೇ ಪ್ಯಾಕ್ ಅನ್ನ ಸಿಗುತ್ತೆ, ಬಿಳೀ ಡಬ್ಬ, 200 ಗ್ರಾಂ ಬರುತ್ತೆ. "ಸಾತೊ ನೊ ಗೊಹಾನ್" ಅಂತ ಒಂದು ಇದೆ, ಬೇರೇದೂ ಇರುತ್ತೆ. ಅದನ್ನ ಅಂಗಡಿಯಲ್ಲೇ ಬಿಸಿ ಮಾಡಿಸ್ಕೊಂಡು ತಾ. ಸಪ್ಪೆ ಮೊಸರಿನ 400 ಗ್ರಾಂ ಡಬ್ಬ ತಗೋ, ಪುರೇನ್ ಅಂತ ಇರುತ್ತೆ ನೋಡು, ಪ್ಲೇನ್ ಅನ್ನೋದನ್ನ ಇವ್ರು ಹಾಗಂತಾರೆ. ಹಣ್ಣು ಹಾಕಿದ್ದು ಬೇಡ, ಸುಮಾರು ಕಡೆ ಜೆಲಟಿನ್ ಇರುತ್ತೆ. ಅನ್ನ ಬಿಸಿ ಇರೋವಾಗ್ಲೇ ಡಬ್ಬದೊಳಗೆ ಸ್ವಲ್ಪ ಹಾಲು ಹುಯ್ದು ಚಮಚದ ಹಿಂಬದಿಯಿಂದ ಚೆನ್ನಾಗಿ ಹಿಸುಕು. ಇಲ್ಲಿ ಅಕ್ಕಿ ಅಂಟು, ನಮ್ಮ ಸೋನಾಮಸೂರಿ ಥರ ಉದುರುದುರು ಅಲ್ಲ, ಮೊಸರನ್ನಕ್ಕೆ ಅದೇ ಒಳ್ಳೇದು, ಬೆಣ್ಣೆ ಹಾಗೆ ಕಲಸುತ್ತೆ. ಸ್ವಲ್ಪ ಆರಿದ್ಮೇಲೆ ಮೊಸರು, ಉಪ್ಪು. ಜೊತೆಗೆ ಉಮೆಬೋಶಿ ಹಣ್ಣು ಬೇರೆ ಸಣ್ಣ ಪ್ಯಾಕೆಟಲ್ಲಿ ಬರುತ್ತೆ, ಪಟ್ಟಿ ಓದಿ ತಗೊಂಡು ಒಂದು ಬದಿಗಿಟ್ಕೋ. ನಮ್ಮ ಮನೇಲಿ ಮಾವಿನಮಿಡಿ ಖಾಲಿ ಆದಾಗ ನಾನು ಅದನ್ನೇ ನೆಂಚ್ಕೊಳೋದು, ಹದಿನೆಂಟು ವರ್ಷದಿಂದ.

ಮೆಸೇಜಲ್ಲಿ ಹೋಟೆಲ್ ಅಡ್ರೆಸ್ ಕಳಿಸು. ಸಾರಿನಪುಡಿ, ಅವಲಕ್ಕಿ, ಎರಡು ನಿಂಬೆಕಾಯಿ ಉಪ್ಪಿನಕಾಯಿ ಪ್ಯಾಕೆಟ್ ತಕ್ಯುಬಿನ್ ಪಾರ್ಸೆಲಲ್ಲಿ ಹಾಕ್ತೀನಿ, ಇವತ್ತು ಹಾಕಿದ್ರೆ ನಾಳೆ ಬರುತ್ತೆ.


ಹಾಸನದ_ಹುಡುಗಿ

ಆಂಟಿ. ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಮೆಸೇಜ್ ಮಾಡಿದ್ದೀನಿ.


ಶಿವಮೊಗ್ಗ_ನರ್ಸಮ್ಮ

ಮೊಸರು ಹುಳಿ ಸಾಲ್ದು ಅಂತ ರಾತ್ರಿಯೆಲ್ಲ ಹೀಟರ್ ಹತ್ರ ಇಡಬೇಡಿ ದಯವಿಟ್ಟು, ಇನ್ನೊಂದು ಕಡೆ ಯಾರೋ ಹಾಗೆ ಸಲಹೆ ಕೊಟ್ಟಿದ್ದು ನೋಡಿದೆ. ಒಬ್ಬರೇ ಇದ್ದೀರ, ಹೊಟ್ಟೆ ಕೆಟ್ರೆ ಹೊರಗೆ ಹೋಗೋ ಹಾಗಿಲ್ಲ.

ಇನ್ನೊಂದು, ಉಪ್ಪು. ಪ್ರತಿ ಪ್ಯಾಕೆಟ್ ಹಿಂದೆ ಉಪ್ಪು ಎಷ್ಟು ಗ್ರಾಂ ಅಂತ ಬರೆದಿರ್ತಾರೆ. ಒಂದು ಕಪ್ ನೂಡಲ್ಸಲ್ಲಿ ಹತ್ತಿರ ಹತ್ತಿರ 5 ಗ್ರಾಂ ಇರುತ್ತೆ, ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳೋದೇ 5 ಗ್ರಾಂ. ಮೂರು ಹೊತ್ತು ಅದೇ ತಿಂದು ರೂಮಲ್ಲಿ ಅಲ್ಲಾಡ್ದೆ ಕೂತ್ರೆ ಕಾಲು ಊದ್ಕೊಳುತ್ತೆ, ಮಲಬದ್ಧತೆ ಬೇರೆ. ನೀರು ಕುಡೀರಿ, ರೂಮಲ್ಲೇ ಹತ್ತು ಹತ್ತು ನಿಮಿಷ ನಡೀರಿ.


ಸೆಂದಾಯ್_ಸಂಶೋಧಕ

ತರಕಾರಿಗೆ: ಹೆಚ್ಚಿದ ಎಲೆಕೋಸು ಪ್ಯಾಕೆಟ್ 100 ಯೆನ್ ಚಿಲ್ರೆ. ಡ್ರೆಸ್ಸಿಂಗ್ ಬೇಡ, ಅದ್ರಲ್ಲೇ ಮೀನು ಇರೋದು. ಉಪ್ಪು ನಿಂಬೆರಸ ಹಾಕಿ ಕೋಸಂಬರಿ ಮಾಡ್ಕೊಳಿ. ಎದಾಮಾಮೆ, ಅಂದ್ರೆ ಹಸಿ ಸೋಯಾ ಕಾಯಿ, ಉಪ್ಪಲ್ಲಿ ಬೇಯಿಸಿದ್ದು ಸಿಗುತ್ತೆ. ಅವರೆಕಾಯಿ ಬೇಯಿಸಿ ತಿಂದ ಹಾಗೇ ಇರುತ್ತೆ. ತೋಫು ತಗೊಳಿ, ಜೊತೆಗೆ ಬರೋ ಸಾಸು ಬಿಸಾಕಿ. ನಾಟ್ಟೋ (ಹುದುಗು ಬರಿಸಿದ ಸೋಯಾ ಕಾಳು) ತಿನ್ನೋರಾದ್ರೆ ಅದ್ರ ಸಾಸೂ ಅಷ್ಟೇ, ದಾಶಿ ಇರುತ್ತೆ.


ಧಾರವಾಡದ_ಪೋರ (ನಾಗೋಯಾ)

ನಾಟ್ಟೋ ಮೊದಲ್ನೇ ವಾರಕ್ಕ ಯಾರಿಗೂ ಹೇಳಬ್ಯಾಡ್ರಿ ಸರ್. ನೂಲು ನೂಲು ಬರ್ತೈತಿ. ನಾ ಮೂರು ತಿಂಗಳಾದ್ಮ್ಯಾಲ ಕಲ್ತೆ, ಈಗ ದಿನಾ ಬೇಕು.


ಫುಕುವೊಕಾ_ಪಾರ್ಟ್‌ಟೈಮ್

ನಾನು ಸ್ಟೂಡೆಂಟ್ ಆಗಿದ್ದಾಗ ಎರಡೂವರೆ ವರ್ಷ ಕೊಂಬಿನಿ ರಾತ್ರಿ ಪಾಳಿ ಮಾಡಿದ್ದೀನಿ (ಸ್ಟೂಡೆಂಟ್ ವೀಸಾದವ್ರಿಗೆ ವಾರಕ್ಕೆ 28 ಗಂಟೆ ಮಾತ್ರ ಪರ್ಮಿಷನ್), ಕೌಂಟರಿನ ಈ ಕಡೆಯಿಂದ ಒಂದೆರಡು ವಿಷಯ ಹೇಳ್ತೀನಿ.

ಓನಿಗಿರಿ, ಬೆಂತೊ (ಡಬ್ಬದ ಊಟ) ಎಲ್ಲ ದಿನಕ್ಕೆ ಒಂದೇ ಸಲ ಬರಲ್ಲ, ನಮ್ಮ ಅಂಗಡಿಗೆ ಮೂರು ಸಲ ಗಾಡಿ ಬರ್ತಿತ್ತು. ರಾತ್ರಿ 11ಕ್ಕೆ ಹೋದ್ರೆ ಕಪಾಟು ಅರ್ಧ ಖಾಲಿ ಕಂಡಿದ್ರೆ ಆಶ್ಚರ್ಯ ಇಲ್ಲ, ಮುಂದಿನ ಗಾಡಿ ಬಂದು ಜೋಡಿಸಿದ ತಕ್ಷಣ ಹೋಗಿ. ಗಾಡಿ ಎಷ್ಟೊತ್ತಿಗೆ ಅಂತ ಅಲ್ಲಿರೋರನ್ನೇ ಕೇಳಿ, ಹೇಳ್ತಾರೆ. ಎಕ್ಸ್‌ಪೈರಿ ದಿನಾಂಕದ ಜೊತೆ ಗಂಟೆನೂ ಇರುತ್ತೆ ನೋಡಿ. ಆ ಗಂಟೆ ದಾಟಿದ್ರೆ ಮಿಷನ್ನು ಬಿಲ್ ಮಾಡೋಕೇ ಬಿಡಲ್ಲ, ಗಂಟೆಗೆ ಮುಂಚೇನೇ ನಾವು ತೆಗೆದು ಬುಟ್ಟಿಗೆ ಹಾಕ್ಬೇಕಿತ್ತು. ಚೆನ್ನಾಗಿರೋ ಅನ್ನನ ಹಾಗೆ ಚೀಲಕ್ಕೆ ಸುರಿಯೋವಾಗ ಕೈ ನಡುಗ್ತಿತ್ತು ನಂಗೆ, ಮೊದಲ ತಿಂಗಳು. ನಮ್ಮಜ್ಜಿ ಎಲೆ ಮೇಲೆ ಒಂದು ಅಗುಳು ಬಿಟ್ರೆ ಬೈತಿದ್ರು. ಅಭ್ಯಾಸ ಆಗುತ್ತೆ ಅಂದ್ರು ಎಲ್ರೂ. ಆಗ್ಲಿಲ್ಲ, ಕೆಲಸ ಬಿಡೋ ದಿನದವರೆಗೂ ಆಗ್ಲಿಲ್ಲ.

ಓನಿಗಿರಿ ಬಿಚ್ಚೋದು: 1, 2, 3 ಅಂತ ನಂಬರ್ ಇದೆ. 1 ಅಂತಿರೋ ಪಟ್ಟಿನ ಮೇಲಿಂದ ಕೆಳಗೆ ಎಳೆದು ಪೂರ್ತಿ ಸುತ್ತು ಬಿಡಿಸಿ, ಆಮೇಲೆ 2 ಬಲಗಡೆ ಮೂಲೆ, 3 ಎಡಗಡೆ ಮೂಲೆ ಎಳೀರಿ. ನೋರಿ ಹಾಳೆಗೂ (ಸಮುದ್ರದ ಸೊಪ್ಪು ಒಣಗಿಸಿ ಮಾಡಿದ್ದು) ಅನ್ನಕ್ಕೂ ಮಧ್ಯ ಒಂದು ಪ್ಲಾಸ್ಟಿಕ್ ಪೊರೆ ಇದೆ, ಅದಕ್ಕೇ ನೋರಿ ಹಪ್ಪಳದ ಹಾಗೆ ಗರಿಗರಿ ಇರೋದು. ಯಾವ ಕಡೆಯಿಂದಾದ್ರೂ ಹರಿದ್ರೆ ನೋರಿ ಅರ್ಧ ಪ್ಲಾಸ್ಟಿಕ್ ಒಳಗೇ ಉಳಿಯುತ್ತೆ. ಇದನ್ನ ಬಿಸಿ ಮಾಡಿಸಿದ್ರೆ ನೋರಿ ಮೆತ್ತಗಾಗುತ್ತೆ, ಶಿಯೊ ಮುಸುಬಿಗೆ ನೋರಿ ಇಲ್ಲ, ಅದನ್ನ ಧೈರ್ಯವಾಗಿ ಬಿಸಿ ಮಾಡಿಸಿ.


ಕ್ಯೋಟೋದಲ್ಲಿ_ಕನ್ನಡ

ಓನಿಗಿರಿ ಅನ್ನೋ ಪದ "ನಿಗಿರು" ಇಂದ ಬಂದಿದ್ದು, ಮುಷ್ಟಿಯಲ್ಲಿ ಹಿಡಿಯೋದು, ಒತ್ತೋದು ಅಂತ. ಕೈತುತ್ತು ಅಂತೀವಲ್ಲ ನಾವು, ಅಜ್ಜಿ ಸುತ್ತ ಕೂರಿಸ್ಕೊಂಡು ಕೈಗೆ ಒಂದೊಂದು ತುತ್ತು ಹಾಕೋದು, ನಂಗೆ ಯಾವಾಗ್ಲೂ ಅದೇ ನೆನಪಾಗುತ್ತೆ. ಕೊಂಬಿನಿದು ಕೈಯಲ್ಲಿ ಹಿಡಿದಿದ್ದಲ್ಲ, ಮಿಷನ್ನು.


ರಾಜಾಜಿನಗರ_ರಾಯರು

ಈ ಸೆವೆನ್ ಇಲೆವೆನ್ ಕೊಂಬಿನಿ ಅಮೆರಿಕದ್ದಲ್ವಾ? ಜಪಾನಿನದು ಅಂತ ಯಾಕೆ ಎಲ್ರೂ ಹೇಳೋದು?


ಕ್ಯೋಟೋದಲ್ಲಿ_ಕನ್ನಡ

ಹುಟ್ಟಿದ್ದು ಅಮೆರಿಕದಲ್ಲಿ. ಜಪಾನಲ್ಲಿ ಮೊದಲ ಅಂಗಡಿ 1974ರ ಮೇ ತಿಂಗಳು, ಟೋಕಿಯೋದ ತೊಯೋಸುವಲ್ಲಿ. ಮುಂಚೆ ಅದು ಒಂದು ಮನೆತನದ ಮದ್ಯದಂಗಡಿ. ಮೊದಲ ಗಿರಾಕಿ ಕೊಂಡಿದ್ದು ತಂಪು ಕನ್ನಡಕ ಅಂತೆ, ಊಟ ಅಲ್ಲ. ಬೆಳಿಗ್ಗೆ 7ರಿಂದ ರಾತ್ರಿ 11 ತೆಗೀತಿದ್ರು, ಹೆಸರಲ್ಲೇ ಇದೆಯಲ್ಲ, 24 ಗಂಟೆ ಮಾಡಿದ್ದು ಮುಂದಿನ ವರ್ಷದಿಂದ. ಲಾಸನ್ನೂ ಅಷ್ಟೇ, ಅಮೆರಿಕದ ಒಹಾಯೊದ ಹಾಲಿನ ಡೈರಿ, ಬೋರ್ಡಲ್ಲಿ ಹಾಲಿನ ಕ್ಯಾನ್ ಈಗ್ಲೂ ಇದೆ. ಮೂರು ದೊಡ್ಡ ಕೊಂಬಿನಿ ಕಂಪನಿಗಳಲ್ಲಿ ಫ್ಯಾಮಿಲಿ ಮಾರ್ಟ್ ಒಂದೇ ಇಲ್ಲೇ ಹುಟ್ಟಿದ್ದು. ಈಗ ದೇಶದಲ್ಲಿ ಎಲ್ಲ ಸೇರಿ 55,000ಕ್ಕೂ ಜಾಸ್ತಿ ಕೊಂಬಿನಿ ಇದೆ.


ಕುಡ್ಲ_ಬಾಯ್

ಟ್ಯೂನ ಮೀನಿಗೆ ಮಯೊನೀಸ್ ಕಲಸಿ ಅನ್ನದುಂಡೆಯ ಒಳಗೆ ಇಟ್ಟದ್ದು 1983ರಲ್ಲಿ. ಅದನ್ನು ಯೋಚನೆ ಮಾಡಿದವನಿಗೆ ನನ್ನ ದೊಡ್ಡ ನಮಸ್ಕಾರ.


ನಿಶಿಕಸಾಯಿ_ನಿವಾಸಿ

ವಿಷಯ ಎಲ್ಲೆಲ್ಲೋ ಹೋಯ್ತು. ಹಾಸನದವ್ರೇ, ಟೋಕಿಯೋದಲ್ಲೇ ಇರೋ ನಮ್ಮ ನಿಶಿ ಕಸಾಯಿಯ ಇಂಡಿಯನ್ ಅಂಗಡಿಗಳು ಮನೆಗೆ ಕಳಿಸ್ತಾರೆ, ಹೋಟೆಲ್‌ಗೂ. ಬಿಸಿನೀರು ಹುಯ್ದ್ರೆ ಆಗೋ ಉಪ್ಪಿಟ್ಟು, ಅವಲಕ್ಕಿ ಕಪ್ ತರಿಸ್ಕೊಳಿ. ನನ್ನ ಅಭಿಪ್ರಾಯ ಕೇಳಿದ್ರೆ ಕೆಳಗೆ ಇಳಿಯೋದನ್ನೇ ಕಮ್ಮಿ ಮಾಡಿ. ಕ್ವಾರಂಟೈನ್ ಅಂದ್ಮೇಲೆ ಕ್ವಾರಂಟೈನ್. ನಮ್ಮವ್ರು ಯಾರೋ ಒಬ್ರು ಅಡ್ಡಾಡಿದ್ರೆ ಹೆಸರು ಕೆಡೋದು ಎಲ್ರಿಗೂ.


ಫುಕುವೊಕಾ_ಪಾರ್ಟ್‌ಟೈಮ್

ಕಂಪನಿಯವ್ರೇ ಹೋಗಿ ಬನ್ನಿ ಅಂದಿದ್ದಾರೆ, ಇವ್ರು ರಾತ್ರಿ ಹನ್ನೊಂದಕ್ಕೆ ಹೋಗಿ ಐದು ನಿಮಿಷದಲ್ಲಿ ಬರ್ತಿದ್ದಾರೆ. ಇದು ಅಡ್ಡಾಡೋದಾ? ಆನ್‌ಲೈನ್ ಆರ್ಡರ್ ಬರೋಕೆ ಎರಡು ದಿನ, ಅಲ್ಲೀವರೆಗೆ ಗಾಳಿ ತಿನ್ಬೇಕಾ?


ನಿಶಿಕಸಾಯಿ_ನಿವಾಸಿ

ಗಾಳಿ ತಿನ್ನಿ ಅಂದಿಲ್ಲ. ಎರಡು ದಿನಕ್ಕಾಗುವಷ್ಟು ಒಂದೇ ಸಲ ತನ್ನಿ ಅಂದೆ. ಕೌಂಟರಲ್ಲಿ ನಿಂತಿರೋ ಹುಡುಗನಿಗೂ ಮನೆ ಇದೆ, ನೀವೂ ಅದೇ ಕೆಲಸ ಮಾಡಿದವ್ರು.


ಫುಕುವೊಕಾ_ಪಾರ್ಟ್‌ಟೈಮ್

ಅದು ಒಪ್ಪಿದೆ.


ಹಾಸನದ_ಹುಡುಗಿ (8ನೇ ದಿನ)

ಇಬ್ರದ್ದೂ ಸರಿ. ಎರಡು ದಿನಕ್ಕೊಮ್ಮೆ ಹೋಗೋದು ಅಂತ ಮಾಡ್ಕೊಂಡಿದ್ದೀನಿ.

ಆ ಹುಡುಗನ ಬಗ್ಗೆ ಹೇಳ್ಬೇಕು. ರಾತ್ರಿ ಕೌಂಟರಲ್ಲಿರೋನು ನೇಪಾಳದವ್ನು. ನಾನು ಪ್ರತಿ ಪ್ಯಾಕೆಟ್ ತಿರುಗಿಸಿ ಫೋನ್ ಹಿಡಿಯೋದು ನೋಡಿ ಆರನೇ ರಾತ್ರಿ ಹಿಂದಿಯಲ್ಲಿ "ದೀದಿ, ವೆಜ್ ಹೈ ಕ್ಯಾ?" ಅಂದ. ಆರು ದಿನದಲ್ಲಿ ಎದುರಿಗೆ ನಿಂತು ಒಬ್ಬ ಮನುಷ್ಯ ನನ್ನನ್ನ ಕೇಳಿದ ಮೊದಲ ಪ್ರಶ್ನೆ, ಅತಾತಮೆಮಾಸ್ಕಾ ಬಿಟ್ರೆ. ಮಧ್ಯ ಪ್ಲಾಸ್ಟಿಕ್ ಪರದೆ, ಇಬ್ರಿಗೂ ಮಾಸ್ಕು, ನಾನು ದೂರ ನಿಂತಿದ್ದೆ. ಹೂಂ ಅಂದೆ. ನೆನ್ನೆ ಹೋದ್ರೆ ಪಟ್ಟಿ ಓದಿ ರೆಡಿ ಇಟ್ಕೊಂಡಿದ್ದ. ಇದು ತಗೊಳಿ, ಇದು ಬೇಡ ಲಾರ್ಡ್ (ಹಂದಿ ಕೊಬ್ಬು) ಇದೆ, ಇದು ಬೇಡ ಕಾತ್ಸುಒ ಇದೆ ಅಂತ. ಕೆಂಪು ಕಾಳಿನ ಹೂರಣ ತುಂಬಿದ ಬನ್ನು ಆವಿ ಪೆಟ್ಟಿಗೆಯಲ್ಲಿಟ್ಟಿರ್ತಾರೆ, ಹೋಳಿಗೆ ಹೂರಣದ ಥರ ಅಂತ ಅದ್ರ ಮೇಲೆ ಕಣ್ಣಿತ್ತು, ಅವ್ರ ಅಂಗಡಿ ಬನ್ನಿನ ಹಿಟ್ಟಿಗೆ ಹಂದಿ ಕೊಬ್ಬು ಹಾಕಿರ್ತಾರಂತೆ! ಅವ್ನು ಹೇಳ್ದಿದ್ರೆ ತಿಂದ್ಬಿಡ್ತಿದ್ದೆ.

ಕೊನೆಗೆ ಬಾಗಿಲ ಹತ್ರ ಇರೋ ಬಿಸಿ ಪೆಟ್ಟಿಗೆ ತೋರಿಸಿ ಅದು ಪಕ್ಕಾ ವೆಜ್ ಅಂದ. ನೋಡಿದ್ರೆ ಸುಟ್ಟ ಗೆಣಸು. ಸಿಪ್ಪೆ ಸಮೇತ ಇಡೀ ಗೆಣಸು, ಕಾಗದದ ಚೀಲದಲ್ಲಿ. ಇಷ್ಟು ದಿನ ಅದ್ರ ಪಕ್ಕಾನೇ ಓಡಾಡಿದ್ದೀನಿ ಕಣ್ಣಿಗೆ ಬಿದ್ದಿಲ್ಲ. ರೂಮಿಗೆ ತಂದು ಮುರಿದ್ರೆ ಒಳಗೆ ಬೆಲ್ಲದ ಪಾಕ ಸುರಿಯೋ ಹಾಗಿದೆ. ನಮ್ಮ ತೋಟದಲ್ಲಿ ಒಲೆ ಬೂದಿಯಲ್ಲಿ ಹೂತಿಡ್ತಿದ್ರು ಅಪ್ಪ. ಅಮ್ಮಂಗೆ ವಿಡಿಯೊ ಕಾಲ್ ಮಾಡಿ ತೋರಿಸ್ಕೊಂಡು ತಿಂದೆ.


ಒಸಾಕಾ_ಅಮ್ಮ

ಯಾಕಿ ಇಮೊ. ಚಳಿಗಾಲ ಪೂರ್ತಿ ಇಡ್ತಾರೆ ತುಂಬಾ ಕಡೆ. ನಂಗೆ ಹೇಳೋಕೆ ಮರೆತೇ ಹೋಯ್ತು ನೋಡು. ಪಾರ್ಸೆಲ್ ಬಂತಾ?


ಹಾಸನದ_ಹುಡುಗಿ

ಬಂತು ಆಂಟಿ. ಕಪ್ಪಲ್ಲಿ ಬಿಸಿನೀರಿಗೆ ಸಾರಿನಪುಡಿ ಹಾಕಿ ಕುಡ್ದೆ. ರೂಮೆಲ್ಲ ಇಂಗಿನ ವಾಸನೆ, ಕಿಟಕಿ ತೆಗೀಲಿಲ್ಲ ಬೇಕಂತಲೇ.


ರಾಜಾಜಿನಗರ_ರಾಯರು

ಮೊದಲು ಒರಟಾಗಿ ಬರೆದೆ, ಕ್ಷಮಿಸಮ್ಮ. ನನ್ನ ಮಗ ಮಾರ್ಚಿನಿಂದ ಜರ್ಮನಿಯಲ್ಲಿ ಒಬ್ಬನೇ ಇದ್ದಾನೆ, ನಾನು ಅವನಿಗೂ ಹೀಗೇ ಬೈತಾ ಇರ್ತೀನಿ, ತಿನ್ನು ತಿನ್ನು ಅಂತ. ಊಟ ಮಾಡು.


ಹಾಸನದ_ಹುಡುಗಿ (15ನೇ ದಿನ)

ಬೆಳಿಗ್ಗೆ ರೂಮ್ ಖಾಲಿ ಮಾಡಿದೆ. 14 ದಿನಕ್ಕೆ ಕೊಂಬಿನಿ ಬಿಲ್ಲೆಲ್ಲ ಕೂಡಿಸಿದ್ರೆ 17,640 ಯೆನ್, ನಮ್ಮ ದುಡ್ಡಲ್ಲಿ ಹನ್ನೆರಡು ಸಾವಿರ ಚಿಲ್ರೆ. ಮುಂದೆ ಬರೋರಿಗೆ ಲೆಕ್ಕಕ್ಕಿರ್ಲಿ. ಕೊನೆ ವಾರ ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಎಲೆಕೋಸು ಕೋಸಂಬರಿ ಜೊತೆ ಶಿಯೊ ಮುಸುಬಿ, ರಾತ್ರಿ ಮೊಸರನ್ನ, ದಿನ ಬಿಟ್ಟು ದಿನ ಗೆಣಸು. ಹೊರಡೋ ಮುಂಚೆ ಆ ಹುಡುಗನಿಗೆ ಹೇಳಿ ಹೋಗೋಣ ಅಂತ ಇಳಿದೆ, ಹಗಲು ಪಾಳಿಯಲ್ಲಿ ಬೇರೆ ಯಾರೋ ಇದ್ರು.


ಕಾವಾಸಾಕಿ_ಹೊಸಬ (ಜುಲೈ 2021)

ಹಳೇ ಚರ್ಚೆ ಮೇಲೆತ್ತುತ್ತಿದ್ದೀನಿ, ಕ್ಷಮಿಸಿ. ಈಗ ಇಂಡಿಯಾದಿಂದ ಬಂದ್ರೆ ಮೊದಲ 10 ದಿನ ಸರ್ಕಾರ ಹೇಳಿದ ಹೋಟೆಲ್, ಬಾಗಿಲು ದಾಟೋ ಹಾಗಿಲ್ಲ, ಕೊಂಬಿನಿ ಮಾತೇ ಇಲ್ಲ. ಮೂರು ಹೊತ್ತು ಮೈಕಲ್ಲಿ ಕೂಗ್ತಾರೆ, ಊಟ ಹಂಚ್ತಿದ್ದೀವಿ, ಮುಗಿಯೋವರೆಗೂ ಬಾಗಿಲು ತೆಗೀಬೇಡಿ ಅಂತ. ಆಮೇಲೆ ತೆಗೆದ್ರೆ ತಣ್ಣನೆ ಬೆಂತೊ. ವೆಜ್ ಅಂತ ಬರೆಸಿದ್ದೆ, ಕೊಟ್ರು, ದೂರು ಇಲ್ಲ. ಆದ್ರೆ ಹತ್ತು ದಿನ ಒಂದು ಬಿಸಿ ಊಟ ಇಲ್ಲ. ಮಿಕ್ಕ 4 ದಿನಕ್ಕೆ ಮನೆಗೆ ಕಳಿಸಿದ್ದಾರೆ, ಫೋನ್ ಆ್ಯಪಲ್ಲಿ ಇಲ್ಲೇ ಇದ್ದೀನಿ ಅಂತ ಒತ್ತಬೇಕು, ಇದ್ದಕ್ಕಿದ್ದ ಹಾಗೆ ವಿಡಿಯೊ ಕಾಲ್ ಬರುತ್ತೆ, ಮುಖ ತೋರಿಸ್ಬೇಕು.

ಒಲಿಂಪಿಕ್ಸ್‌ಗೆ ಬಂದ ವಿದೇಶಿ ಪತ್ರಕರ್ತರಿಗೆ ಮಾತ್ರ ಕ್ವಾರಂಟೈನಲ್ಲಿ ಹೋಟೆಲಿಂದ ಇಳಿದು 15 ನಿಮಿಷ ಕೊಂಬಿನಿಗೆ ಹೋಗಿ ಬರೋಕೆ ಬಿಡ್ತಿದ್ದಾರೆ, ಹೋದ ಟೈಮು ಬಂದ ಟೈಮು ಬರ್ಕೊಂಡು. ಅವ್ರೆಲ್ಲ ಮೊಟ್ಟೆ ಸ್ಯಾಂಡ್‌ವಿಚ್ ಫೋಟೊ ಹಾಕಿದ್ದೇ ಹಾಕಿದ್ದು. ಅದನ್ನ ನೋಡ್ತಾ ತಣ್ಣನೆ ಬೆಂತೊ ತಿನ್ನೋವಾಗ ಈ ಪುಟ ಸಿಕ್ತು. ಇವತ್ತು ಪ್ಯಾಕ್ ಅನ್ನ, ಪುರೇನ್ ಮೊಸರು ತರಿಸ್ಕೊಂಡು ಒಸಾಕಾ ಅಮ್ಮ ಹೇಳಿದ ಹಾಗೇ ಚಮಚದ ಹಿಂಬದಿಯಿಂದ ಹಿಸುಕಿ ಕಲಸಿದೆ. ಬಿಸಿ ಅನ್ನದ ಹಬೆ ಮುಖಕ್ಕೆ ಬಡಿದು ಹನ್ನೊಂದು ದಿನ ಆಗಿತ್ತು.

ಒಂದೇ ಪ್ರಶ್ನೆ, ಆ ಗೆಣಸು ಬೇಸಿಗೆಯಲ್ಲಿ ಸಿಗುತ್ತಾ?


ಒಸಾಕಾ_ಅಮ್ಮ

ಈಗ ಸಿಗೋದು ಕಷ್ಟ ಕಣಪ್ಪ, ಅಕ್ಟೋಬರ್ ಹೊತ್ತಿಗೆ ನೋಡು. ಸಾರಿನಪುಡಿ ಇದ್ಯಾ ನಿನ್ ಹತ್ರ?